ತಾಲೀಮಿನಲ್ಲಿ ಆಡಬಾರದ ಮಾತು

ಲಂಡನ್
12 ಫೆಬ್ರವರಿ 1979

ಪ್ರಿಯ ನ್ಯಾನ್,

ಕೂತಿದ್ದೀಯ ತಾನೆ? ಕೂತೇ ಓದು. ನಾನು ಮತ್ತೆ ರಂಗದ ಮೇಲೆ ಹೋಗುತ್ತಿದ್ದೇನೆ.

ಹತ್ತು ವರ್ಷದಿಂದ ಸಿನಿಮಾದವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿಯೇ ಕೆಲಸ ಮುಗಿಸುತ್ತಿದ್ದಾರೆ. ಒಮ್ಮೆ ಬಿಷಪ್, ಒಮ್ಮೆ ನಿವೃತ್ತ ಅಡ್ಮಿರಲ್, ಒಮ್ಮೆ ಮೊದಲ ಅರ್ಧ ಗಂಟೆಯಲ್ಲೇ ಕೊಲೆಯಾಗುವ ಶ್ರೀಮಂತ ತಾತ. ಎರಡು ಮಾತು ಆಡಿಸಿ, ಹೆಗಲಿಗೆ ಶಾಲು ಹೊದಿಸಿ, ಕಾರಿನಲ್ಲಿ ಮನೆಗೆ ಕಳಿಸಿಬಿಡುತ್ತಾರೆ. ಅರ್ಧ ಪ್ರಪಂಚಕ್ಕೆ ನನ್ನ ಮುಖ ಗೊತ್ತು. ಆದರೆ ಎದುರಿಗೆ ಕತ್ತಲಲ್ಲಿ ಕೂತ ಒಬ್ಬ ಮನುಷ್ಯ ಕೆಮ್ಮಿದ್ದನ್ನು ಕೇಳಿ ಎಷ್ಟು ಕಾಲವಾಯಿತು!

ಹೋದ ತಿಂಗಳು ಜೂಲಿಯನ್ ಪ್ರೌಟ್ ಎಂಬ ನಿರ್ದೇಶಕ ಮನೆಗೆ ಬಂದ. ಮೂವತ್ತು ತುಂಬಿಲ್ಲ, ಗಡ್ಡ ಮಾತ್ರ ಎದೆಯವರೆಗೆ ಇದೆ. ತಂದಿದ್ದು ಹೊಸ ನಾಟಕ, 'ಕೊನೆಯ ದೋಣಿ'. ಒಬ್ಬ ಮುದಿ ಅಂಬಿಗ, ಹೊಳೆಯ ಆ ದಡಕ್ಕೆ ಹೋಗಿ ಹಿಂದಿರುಗದ ಅವನ ಮಗಳು, ಅವನನ್ನು ನೋಡಿಕೊಳ್ಳುವ ಪಕ್ಕದ ಮನೆಯ ಹುಡುಗಿ. ಅಂಬಿಗ ನಾನು. ಪರದೆ ಎದ್ದಲ್ಲಿಂದ ಬೀಳುವವರೆಗೆ ರಂಗ ಬಿಡುವ ಹಾಗಿಲ್ಲ. ಕೊನೆಯ ಮಾತೂ ನನ್ನದೇ. ನಾಟಕದ ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಓದು. ಆದರೆ ಆ ಕೊನೆಯ ಸಾಲನ್ನು ಬಾಯಿಬಿಟ್ಟು ಓದಬೇಡ, ಕಾಗದದಲ್ಲೂ ಬರೆಯಬೇಡ. ಮೊದಲ ಪ್ರದರ್ಶನಕ್ಕೆ ಮುಂಚೆ ಕೊನೆಯ ಸಾಲು ಆಡಿದರೆ ಏನಾಗುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ನಾಟಕ ಕಂಪನಿಯ ಯಜಮಾನ ರಜ್ ಸಾಹೇಬರನ್ನು ಕೊಂದವಳು ನೀನು.

ಗ್ರಿಮ್ಸ್‌ಬಿ ಊರಿನ ದಿನಗಳು ನೆನಪಾಗುತ್ತಿವೆ. ನಾನು ಡ್ಯೂಕ್ ಆಗಿ ಸಾಯುತ್ತಿದ್ದಾಗ ಮೀನಂಗಡಿಯ ನಾಯಿ ರಂಗ ಹತ್ತಿ ಬಂದು ನನ್ನ ಮುಖ ನೆಕ್ಕಿತಲ್ಲ! ರಜ್ ಸಾಹೇಬರು ಪಕ್ಕದಿಂದ "ಸಾಯೋ ಮಾರಾಯ, ಸಾಯಿ! ನಾಯಿ ಏನೂ ಮಾಡಲ್ಲ!" ಎಂದು ಪಿಸುಗುಟ್ಟಿದ್ದು ಗ್ಯಾಲರಿಯವರೆಗೂ ಕೇಳಿಸಿತ್ತು. ನೀನು ವಿಧವೆಯ ಪಾತ್ರದಲ್ಲಿ, ಒಂದಿಷ್ಟೂ ನಗದೆ, "ಇದಕ್ಕೂ ದುಃಖ ತಡೆಯೋಕಾಗ್ತಿಲ್ಲ" ಎಂದೆ. ಆ ರಾತ್ರಿ ಚಪ್ಪಾಳೆ ಬಿದ್ದದ್ದು ನಿನಗೆ ಮತ್ತು ನಾಯಿಗೆ.

ಸಂಧಿವಾತ ಹೇಗಿದೆ?

ನಿನ್ನ,
ಆಂಬ್ರೋಸ್


ಲ್ಯಾಬರ್ನಮ್ ಹೌಸ್, ಕೆಂಟ್
19 ಫೆಬ್ರವರಿ 1979

ಸರ್ ಆಂಬ್ರೋಸ್ ಲಿಂಡ್ಲೆಯವರ ಸನ್ನಿಧಾನಕ್ಕೆ, ನ್ಯಾನ್ ಪೆಟಿಫರ್ ಮಾಡುವ ಬಿನ್ನಹ.

ಮೊದಲು ಕೊಲೆಯ ವಿಚಾರ. ರಜ್ ಸಾಹೇಬರು ಸತ್ತದ್ದು ಜಿನ್ ಕುಡಿದು. ನಾನು ಕೊನೆಯ ಸಾಲು ಆಡಿದ ದಿನವೇ ಸತ್ತರು ಅನ್ನುವುದು ನಿಜ, ಆದರೆ ಅವರು ಅದಕ್ಕೆ ಇಪ್ಪತ್ತು ವರ್ಷದಿಂದ ತಯಾರಿ ನಡೆಸಿದ್ದರು. ನನಗೆ ಅವತ್ತು ಹಸಿವಾಗಿತ್ತು, ತಾಲೀಮು ಮುಗಿದರೆ ಸಾಕಾಗಿತ್ತು. ನೀನು ಮಾತ್ರ ಗೋಡೆಯ ಹಾಗೆ ಬಿಳಿಚಿಕೊಂಡು ನಿಂತಿದ್ದೆ. ಐವತ್ತು ವರ್ಷವಾದರೂ ಆ ಭಯ ನಿನ್ನನ್ನು ಬಿಟ್ಟಿಲ್ಲ.

ನಾಟಕ ಓದಿದೆ. ಚೆನ್ನಾಗಿದೆ, ಅದೇ ನನಗೆ ದಿಗಿಲು. ಮೂರು ಕಡೆ ಉದ್ದುದ್ದ ಮಾತಿದೆ. ವಾರಕ್ಕೆ ಎಂಟು ಪ್ರದರ್ಶನ. ನಿನಗೆ ಎಪ್ಪತ್ತಾರು. ನಿನ್ನ ಮುಂದೆ ಇದನ್ನು ಹೇಳುವವರು ಲಂಡನ್ನಿನಲ್ಲಿ ಯಾರೂ ಇಲ್ಲ. ಎಲ್ಲರೂ ಸರ್, ಸರ್ ಅನ್ನುವವರೇ. ನೀನು ಹಲ್ ಊರಿನ ಬೇಕರಿಯವನ ಮಗ ಬರ್ಟ್ ಸ್ಟಬ್ಸ್ ಎಂದು ಬಲ್ಲವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅದಕ್ಕೇ ಹೇಳುತ್ತೇನೆ, ಬೇಡ ಬರ್ಟ್. ಕುರ್ಚಿಯ ಮೇಲೆ ಕೂತು ಕೊಲೆಯಾಗುತ್ತಾ ಇರು.

ಇಲ್ಲಿ ಎಲ್ಲ ಮಾಮೂಲು. ಈ ವೃದ್ಧಾಶ್ರಮದ ತುಂಬ ಮುದಿ ನಟರು. ಚಹಾದ ಗಂಟೆ ಹೊಡೆದರೆ ಒಬ್ಬರೂ ಸುಮ್ಮನೆ ಬಂದು ಕೂರುವುದಿಲ್ಲ, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಎಲ್ಲರ ಕಣ್ಣು ತಮ್ಮ ಮೇಲೆ ಬಿದ್ದ ಮೇಲೇ ಒಳಗೆ ಬರುತ್ತಾರೆ. ನಾನೂ ಅಷ್ಟೇ. ಕೈಬೆರಳು ಸೊಟ್ಟಗಾಗಿವೆ, ಅಕ್ಷರ ಕ್ಷಮಿಸು.

ನ್ಯಾನ್


ಲಂಡನ್
20 ಮಾರ್ಚ್ 1979

ಪ್ರಿಯ ನ್ಯಾನ್,

ನಿನ್ನ ಕಾಗದ ಓದಿ ಎರಡು ದಿನ ಕೋಪ ಮಾಡಿಕೊಂಡಿದ್ದೆ. ಈಗ ಇಳಿದಿದೆ, ಯಾಕೆಂದರೆ ತಾಲೀಮು ಅಷ್ಟು ಚೆನ್ನಾಗಿ ನಡೆಯುತ್ತಿದೆ. ಪಕ್ಕದ ಮನೆಯ ಹುಡುಗಿಯ ಪಾತ್ರ ಮಾಡುವ ತೆರೇಸಾ ಜಾಣೆ. ಅವಳ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಮಾತು ತಾನಾಗಿ ನಾಲಿಗೆಗೆ ಬರುತ್ತದೆ. ಮೊನ್ನೆ ಇಡೀ ನಾಟಕ ಒಂದೇ ಸಲಕ್ಕೆ ಆಡಿದೆವು. ಎಲ್ಲಿಯೂ ತಡವರಿಸಲಿಲ್ಲ.

ಕೊನೆಗೆ ಅವಳು ದೀಪ ಆರಿಸಲಾ ಎಂದು ಕೇಳುತ್ತಾಳಲ್ಲ, ಆಮೇಲೆ ನನ್ನ ಸಾಲು. ನಾನು ಟೋಪಿ ತೆಗೆದು ಬಗ್ಗಿ, "ಉಳಿದದ್ದು ಮೊದಲ ದಿನಕ್ಕೆ" ಎಂದೆ. ಹುಡುಗರಿಗೆ ಈ ಪದ್ಧತಿಯೇ ಗೊತ್ತಿರಲಿಲ್ಲ! ರಜ್ ಸಾಹೇಬರ ಸಾವಿನ ಕಥೆ ಹೇಳಿದೆ. ಜೂಲಿಯನ್ ಪುಳಕಗೊಂಡುಬಿಟ್ಟ. ಮಾತು ಮರೆತರೆ ಪಕ್ಕದಿಂದ ಹೇಳಿಕೊಡಲು ನಾಟಕದ ಪ್ರತಿ ಹಿಡಿದು ಕೂರುವ ಹುಡುಗಿಗೂ ಹೇಳಿದ್ದೇನೆ: ಮೊದಲ ದಿನ ಆ ಜಾಗದಲ್ಲಿ ನಾನು ಎಷ್ಟು ಹೊತ್ತು ನಿಂತರೂ ಯಾರೂ ಬಾಯಿ ಹಾಕಬಾರದು, ಪಕ್ಕದಿಂದ ಒಂದಕ್ಷರ ಬರಬಾರದು. ಆ ಸಾಲು ನನ್ನದು.

ಒಂದು ವಿಚಿತ್ರ ನಡೆಯಿತು. ನಿನ್ನೆ ನೆಲದಡಿಯ ರೈಲು ಇಳಿದು ತಾಲೀಮಿಗೆ ನಡೆದೆ. ಕಾಲಿಗೆ ದಾರಿ ಗೊತ್ತು, ನಾನು ಯೋಚಿಸಲೇ ಇಲ್ಲ. ಹೋಗಿ ನಿಂತು ನೋಡಿದರೆ ಎದುರಿಗೆ ಕಾರು ನಿಲ್ಲಿಸುವ ಜಾಗ. ಅಲ್ಲಿದ್ದ ಥಿಯೇಟರಿಗೆ ಯುದ್ಧದಲ್ಲಿ ಬಾಂಬು ಬಿದ್ದಿತ್ತಲ್ಲ! ನಟರ ಬಾಗಿಲು ಎಲ್ಲಿ ಎಂದು ಅಲ್ಲಿಯ ಕಾವಲುಗಾರನನ್ನು ಕೇಳಿಯೂಬಿಟ್ಟೆ. ಅವನು ನನ್ನ ಮುಖ ಗುರುತು ಹಿಡಿದು, ಸಿನಿಮಾ ತೆಗೆಯುತ್ತಿದ್ದಾರೆಂದು ತಿಳಿದು, ಕ್ಯಾಮೆರಾ ಎಲ್ಲಿದೆ ಎಂದು ಸುತ್ತ ನೋಡಿದ.

ಅಂದಹಾಗೆ ನಿನಗೊಂದು ಕಥೆ ಹೇಳಲೇ ಇಲ್ಲ, ಮೊನ್ನೆ ನೆನಪಾಯಿತು. ಗ್ರಿಮ್ಸ್‌ಬಿಯಲ್ಲಿ ನಾನು ಡ್ಯೂಕ್ ಆಗಿ ಸಾಯುತ್ತಿದ್ದಾಗ ಮೀನಂಗಡಿಯ ನಾಯಿ ರಂಗ ಹತ್ತಿ ಬಂದು ಮುಖ ನೆಕ್ಕಿತು ನೋಡು! ರಜ್ ಸಾಹೇಬರು "ಸಾಯೋ ಮಾರಾಯ" ಎಂದು ಪಿಸುಗುಟ್ಟಿದ್ದು ಗ್ಯಾಲರಿಗೂ ಕೇಳಿಸಿತ್ತು. ವಿಧವೆಯ ಪಾತ್ರ ಮಾಡಿದವಳು ಅದೇನೋ ಒಂದು ಮಾತು ಸೇರಿಸಿ ಚಪ್ಪಾಳೆ ಗಿಟ್ಟಿಸಿದಳು. ಅವಳು ಯಾರೋ, ಹೆಸರು ಬಾಯಿಗೆ ಬರುತ್ತಿಲ್ಲ.

ನಿನ್ನ,
ಆಂಬ್ರೋಸ್


ಲ್ಯಾಬರ್ನಮ್ ಹೌಸ್
24 ಮಾರ್ಚ್ 1979

ಬರ್ಟ್,

ವಿಧವೆಯ ಪಾತ್ರ ಮಾಡಿದವಳು ನಾನು. ನಾಯಿಯ ಕಥೆಯನ್ನು ನೀನು ಹೋದ ತಿಂಗಳ ಕಾಗದದಲ್ಲೇ ಬರೆದಿದ್ದೆ. ಎರಡನೇ ಸಲ ಓದಿದಾಗ ನನಗೆ ನಗು ಬರಲಿಲ್ಲ.

ನಾನು ಹೇಳುವುದನ್ನು ಕೋಪವಿಲ್ಲದೆ ಕೇಳು. ನಮ್ಮಂಥವರಿಗೆ ಮಾತು ಒಳಗೆ ಇಳಿಯುವುದು ಕಣ್ಣಿಂದಲ್ಲ, ಬಾಯಿಂದ. ನೂರು ಸಲ ಆಡಿದ್ದು ನೂರಾ ಒಂದನೇ ಸಲ ತಾನಾಗಿ ಬರುತ್ತದೆ, ತಲೆ ಕೈಕೊಟ್ಟರೂ ನಾಲಿಗೆ ಕೈಬಿಡುವುದಿಲ್ಲ. ಇಲ್ಲಿ ಮೇಡ್ಜ್ ಎಂಬವಳಿದ್ದಾಳೆ, ತನ್ನ ಮಗನ ಹೆಸರು ಗೊತ್ತಿಲ್ಲ, ಮೂವತ್ತರ ದಶಕದ ಪಾತ್ರದ ಮಾತು ಪೂರ್ತಿ ಒಪ್ಪಿಸುತ್ತಾಳೆ. ಆದರೆ ಆ ಕೊನೆಯ ಸಾಲಿನ ಪರಿಚಯ ನಿನ್ನ ನಾಲಿಗೆಗೆ ಇಲ್ಲವೇ ಇಲ್ಲ. ಒಂದು ಸಲವೂ ಆಡಿಲ್ಲ. ಅದು ಇರುವುದು ನಿನ್ನ ನೆನಪಿನಲ್ಲಿ ಮಾತ್ರ. ಆ ನೆನಪು ಈಗ ನಿನ್ನನ್ನು ಕಾರು ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋಗುತ್ತಿದೆ.

ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಆಡು. ನಲ್ಲಿ ಬಿಟ್ಟುಕೊಂಡು ಆಡು. ಅಪಶಕುನ ನನ್ನ ತಲೆಯ ಮೇಲಿರಲಿ. ದಿನಕ್ಕೆ ಹತ್ತು ಸಲ ಆಡು, ಮಾರಾಯ.

ನ್ಯಾನ್


ಲಂಡನ್
2 ಏಪ್ರಿಲ್

ನ್ಯಾನ್,

ಆಡಿ ನೋಡಿದೆ. ಅಂದರೆ ಆಡಲು ಹೋದೆ. ಪುಸ್ತಕ ನೋಡಿದರೆ ಅಲ್ಲಿದೆ, ಏಳೇ ಏಳು ಚಿಕ್ಕ ಪದ, ಮಗು ಕೂಡ ಹೇಳಬಹುದು. ಪುಸ್ತಕ ಮುಚ್ಚಿ ಬಾಯಿ ತೆರೆದರೆ ರಜ್ ಸಾಹೇಬರು ಗ್ರೀನ್ ರೂಮಿನ ನೆಲದ ಮೇಲೆ ಬಿದ್ದಿರುವುದು ಕಾಣುತ್ತದೆ, ಅಷ್ಟೇ. ಹೆದರಿ ಆಡಲಾಗುತ್ತಿಲ್ಲವೋ, ಮರೆತು ಆಡಲಾಗುತ್ತಿಲ್ಲವೋ ನನಗೇ ತಿಳಿಯುತ್ತಿಲ್ಲ.

ಡಾಕ್ಟರ ಹತ್ತಿರ ಹೋಗಿದ್ದೆ. ಇವತ್ತು ಯಾವ ವಾರ ಎಂದು ಕೇಳಿದರು. "ನಾಟಕದವರಿಗೆ ಭಾನುವಾರ ಒಂದೇ ಗೊತ್ತಿರೋದು, ಉಳಿದ ದಿನವೆಲ್ಲ ಕೆಲಸ" ಎಂದೆ. ಅವರು ನಕ್ಕರು. ಐವತ್ತು ವರ್ಷ ಬಣ್ಣ ಹಚ್ಚಿದವನಿಗೆ ಒಬ್ಬ ಡಾಕ್ಟರನ್ನು ನಗಿಸಿ ಪಾರಾಗುವುದು ಕಷ್ಟವೇ? ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಯಾವ ವಾರವೆಂದು ನಿಜವಾಗಿಯೂ ಗೊತ್ತಿರಲಿಲ್ಲ.

ಯಾರಿಗೂ ಹೇಳಬೇಡ. ಇದು ಹೋದರೆ ನನ್ನಲ್ಲಿ ಬೇರೇನಿದೆ, ಹೇಳು. ಮದುವೆ ಎರಡೂ ಉಳಿಯಲಿಲ್ಲ, ಮಕ್ಕಳಿಲ್ಲ. ಉಳಿದಿರುವುದು ಇನ್ನೊಬ್ಬರು ಬರೆದ ಮಾತು ಮಾತ್ರ.

ಬರ್ಟ್


ಲ್ಯಾಬರ್ನಮ್ ಹೌಸ್
6 ಏಪ್ರಿಲ್ 1979

ಶ್ರೀ ಜೂಲಿಯನ್ ಪ್ರೌಟ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನಾನೂ ನಟಿಯಾಗಿದ್ದೆ, ಸರ್ ಆಂಬ್ರೋಸ್ ಅವರ ಹಳೆಯ ಸ್ನೇಹಿತೆ. ಅವರು ಯಾರಿಗೂ ಹೇಳಬೇಡ ಎಂದು ಬೇಡಿಕೊಂಡಿದ್ದನ್ನು ಹೇಳಲು ಬರೆಯುತ್ತಿದ್ದೇನೆ. ನೆನಪು ಅವರ ಕೈಬಿಡುತ್ತಿದೆ. ತಾಲೀಮಿನಲ್ಲಿ ನಿಮಗೆ ಕಾಣಿಸುತ್ತಿಲ್ಲ, ಯಾಕೆಂದರೆ ಆಡಿ ಆಡಿ ರೂಢಿಯಾದ ಮಾತು ಇನ್ನೂ ಇದೆ. ಕಾಣಿಸಬಹುದಾದ ಒಂದೇ ಜಾಗವನ್ನು ಅವರು ಹಳೆಯ ಪದ್ಧತಿಯ ಹೆಸರಿನಲ್ಲಿ ಮುಚ್ಚಿಟ್ಟಿದ್ದಾರೆ.

ದಯವಿಟ್ಟು ಆ ಕೊನೆಯ ಸಾಲನ್ನು ಅವರಿಂದ ಒಮ್ಮೆ ಆಡಿಸಿ ನೋಡಿ. ಆಗದಿದ್ದರೆ ಮೊದಲ ದಿನಕ್ಕೆ ಮುಂಚೆಯೇ ಮರ್ಯಾದೆಯಿಂದ ಮನೆಗೆ ಕಳಿಸಿಕೊಡಿ. ಸಾವಿರ ಜನರ ಮುಂದೆ ಅದು ಅವರಿಗೆ ಗೊತ್ತಾಗಬಾರದು.

ವಿಶ್ವಾಸದಿಂದ,
ನ್ಯಾನ್ ಪೆಟಿಫರ್


ಲಂಡನ್
9 ಏಪ್ರಿಲ್ 1979

ಮಾನ್ಯ ಮಿಸ್ ಪೆಟಿಫರ್,

ನಿಮ್ಮ ಕಾಳಜಿಗೆ ಕೃತಜ್ಞ. ಆದರೆ ಖಂಡಿತ ಚಿಂತೆ ಬೇಡ. ನಮ್ಮ ತಂಡದಲ್ಲಿ ಮಾತು ತಪ್ಪದವರು ಯಾರಾದರೂ ಇದ್ದರೆ ಅದು ಸರ್ ಆಂಬ್ರೋಸ್. ಕೊನೆಯ ಸಾಲನ್ನು ಅವರು ಆಡದಿರುವುದು ನಮಗೆಲ್ಲ ದೊಡ್ಡ ಪಾಠವಾಗಿದೆ. ಇಂಥ ಶ್ರದ್ಧೆ ನಮ್ಮ ಪೀಳಿಗೆಯಲ್ಲಿ ಎಲ್ಲಿದೆ? ಅದನ್ನು ಮುರಿಯಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಕಾಗದವನ್ನು ಅವರಿಗೂ ತೋರಿಸಿದೆ, ತಪ್ಪು ತಿಳಿಯಬೇಡಿ. ಇಬ್ಬರೂ ಮನಸಾರೆ ನಕ್ಕೆವು. "ನ್ಯಾನ್‌ಗೆ ಮೊದಲಿಂದಲೂ ಸ್ವಲ್ಪ ನಾಟಕ ಜಾಸ್ತಿ" ಎಂದರು.

ಗೌರವಪೂರ್ವಕ,
ಜೂಲಿಯನ್ ಪ್ರೌಟ್


ಲಂಡನ್
12 ಏಪ್ರಿಲ್ 1979

ಮಿಸ್ ಪೆಟಿಫರ್,

ನಾನು ಕಂಪನಿ ಬಿಟ್ಟು ಕ್ರೂ ಊರಿನ ಸ್ಟೇಷನ್ನಿನಲ್ಲಿ ಲಂಡನ್ ರೈಲು ಹತ್ತಿದ ಭಾನುವಾರದಿಂದ ನೀನು ಹೊಟ್ಟೆ ಉರಿದುಕೊಳ್ಳುತ್ತಲೇ ಇದ್ದೀಯ. ನಾನು ಹೋದೆ, ನೀನು ಗ್ರಿಮ್ಸ್‌ಬಿಯಲ್ಲಿ ಮೀನಿನ ವಾಸನೆಯಲ್ಲಿ ಉಳಿದೆ. ನಲವತ್ತು ವರ್ಷ ಕಾದು ಕೂತು ಈಗ ಬೆನ್ನಿಗೆ ಚೂರಿ ಹಾಕಲು ನೋಡಿದೆ. ನಿನಗೆ ಪಾತ್ರ ಸಿಗದೆ ಹೋದದ್ದು ನನ್ನ ತಪ್ಪಲ್ಲ.

26ರ ಗುರುವಾರ ಮೊದಲ ಪ್ರದರ್ಶನ. ಬರಬೇಡ. ಬರೆಯಲೂ ಬೇಡ.

ಆಂಬ್ರೋಸ್ ಲಿಂಡ್ಲೆ


ಲ್ಯಾಬರ್ನಮ್ ಹೌಸ್
28 ಏಪ್ರಿಲ್ 1979

ಬರ್ಟ್,

ಬಂದಿದ್ದೆ. ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕೂತಿದ್ದೆ. ಅಷ್ಟು ಮೆಟ್ಟಿಲು ಹತ್ತಿದ್ದಕ್ಕೆ ಇವತ್ತೂ ಮಂಡಿ ಮಾತಾಡುತ್ತಿದೆ.

ಎರಡು ಗಂಟೆ ನಾನು ಉಸಿರು ಬಿಗಿಹಿಡಿದಿದ್ದೆ, ಆಮೇಲೆ ಹಿಡಿಯುವುದನ್ನೇ ಮರೆತೆ. ಎಂಥ ಅಂಬಿಗ! ಹಗ್ಗ ಸುತ್ತುವ ಆ ಕೈ, ಮಗಳ ಹೆಸರು ಬಂದಾಗ ಮೈಯೆಲ್ಲ ಕಿವಿಯಾಗುವ ಆ ರೀತಿ. ನಾನು ತಪ್ಪು ತಿಳಿದಿದ್ದೆ, ಇವನಿಗೆ ಏನೂ ಆಗಿಲ್ಲ ಎಂದುಕೊಂಡು ಖುಷಿಯಾಗಿಬಿಟ್ಟಿತ್ತು. ಆಗ ಆ ಹುಡುಗಿ ಕಿಟಕಿಯ ಹತ್ತಿರ ಹೋಗಿ, "ಕತ್ತಲಾಯ್ತು ತಾತ. ಇನ್ನು ಯಾರು ಬರ್ತಾರೆ? ದೀಪ ಆರಿಸಲಾ?" ಎಂದಳು.

ನೀನು ತಿರುಗಿದೆ. ಕೈ ಎತ್ತಿದೆ. ನಿನ್ನ ಕಣ್ಣು ಎಡಗಡೆ ಹೋಯಿತು ಬರ್ಟ್. ಗ್ರಿಮ್ಸ್‌ಬಿಯಲ್ಲಿ ಮಾತು ಮರೆತಾಗ ನೀನು ನೋಡುತ್ತಿದ್ದ, ಪ್ರಾಂಪ್ಟರ್ ಕೂರುವ ಆ ಮೂಲೆಗೆ. ನೀನೇ ಬಾಯಿ ಕಟ್ಟಿಹಾಕಿದ್ದ ಆ ಹುಡುಗಿ ಅಲ್ಲಿ ಪ್ರತಿ ಹಿಡಿದುಕೊಂಡು ನಿನ್ನ ಆಜ್ಞೆಯಂತೆ ಸುಮ್ಮನಿದ್ದಳು. ನಿನ್ನ ಬಾಯಿ ತೆರೆಯಿತು, ಮುಚ್ಚಿತು. ಕೈ ಹಾಗೇ ಗಾಳಿಯಲ್ಲಿ. ಇಡೀ ಥಿಯೇಟರಿನಲ್ಲಿ ಒಬ್ಬರೂ ಮಿಸುಕಾಡಲಿಲ್ಲ. ಪಕ್ಕದ ಹೆಂಗಸು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಮೇಲಿಂದ ನಾನೇ ಕೂಗಿ ಹೇಳಿಬಿಡಲೇ ಎಂದು ಎದ್ದು ನಿಂತೆ. ಅಷ್ಟರಲ್ಲಿ ಬೆಳಕು ಇಳಿಸಿದರು. ಆಮೇಲೆ ಬಿದ್ದ ಚಪ್ಪಾಳೆಯಂಥದನ್ನು ನಾನು ನನ್ನ ಜನ್ಮದಲ್ಲಿ ಕೇಳಿಲ್ಲ.

ಇವತ್ತಿನ ಪತ್ರಿಕೆಗಳನ್ನು ನೋಡಿದೆ. ಎಲ್ಲರೂ ಆ ಮೌನವನ್ನೇ ಹೊಗಳಿದ್ದಾರೆ. ನನಗೆ ಮಾತ್ರ ಆ ಮುಖ ಕಣ್ಣಿಂದ ಹೋಗುತ್ತಿಲ್ಲ. ಸಂತೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನ ಮುಖ.

ಮೊದಲ ದಿನ ಕಳೆಯಿತು, ಇನ್ನು ಬರೆದರೆ ದೋಷವಿಲ್ಲ. ನಿನ್ನ ಸಾಲು ಇದು: "ಇರಲಿ ಬಿಡು. ಆ ದಡದಿಂದ ಯಾರೋ ಕೂಗಿದ ಹಾಗಾಯ್ತು."

ನಿನಗೆ ನನ್ನ ಮೇಲಿನ ಕೋಪ ಇರಲಿ. ಸಾಲನ್ನು ಮಾತ್ರ ಬಾಯಲ್ಲಿ ಆಡು.

ನ್ಯಾನ್


ಲಂಡನ್
10 ಜೂನ್

ನ್ಯಾನ್,

ನೀನೇ ಸರಿ. ನಿನ್ನ ಮೇಲೆ ಹರಿಹಾಯ್ದದ್ದು ನೆನಪಿದೆ. ಅದು ಮರೆತುಹೋಗಬಾರದಿತ್ತೇ, ಅದು ಮಾತ್ರ ನೆನಪಿದೆ.

ಅವರು ಆ ಸಾಲನ್ನೇ ಕಿತ್ತುಹಾಕಿದರು. ಮಾರನೆಯ ದಿನ ಜೂಲಿಯನ್ ನನ್ನ ಕೈ ಹಿಡಿದು, "ಸರ್, ಇನ್ನು ಆ ಮಾತು ಆಡಲೇಬೇಡಿ. ನಾಟಕ ಬರೆದವನೂ ಒಪ್ಪಿದ್ದಾನೆ" ಎಂದ. ಅಂದಿನಿಂದ ಪ್ರತಿ ಪ್ರದರ್ಶನದಲ್ಲಿ ನಾನು ಅಲ್ಲಿ ಹೋಗಿ ನಿಲ್ಲುತ್ತೇನೆ. ನಿಂತರೆ ಸಾಕು, ನಟಿಸಬೇಕಾಗಿಲ್ಲ. ಪ್ರತಿ ಸಲವೂ ಮುಂದೇನು ಎಂದು ನಿಜವಾಗಿಯೂ ಗೊತ್ತಿರುವುದಿಲ್ಲ. ನಾನು ಎಲ್ಲಿದ್ದೇನೆ, ಈ ಹುಡುಗಿ ಯಾರು, ಇವರೆಲ್ಲ ಯಾಕೆ ನನ್ನನ್ನು ನೋಡುತ್ತಿದ್ದಾರೆ. ಇಷ್ಟು ಹೆದರಿಕೆ ನನಗೆ ಯುದ್ಧದಲ್ಲೂ ಆಗಿರಲಿಲ್ಲ. ಆಮೇಲೆ ಚಪ್ಪಾಳೆ. ಐವತ್ತು ವರ್ಷ ನಾನು ಸುಳ್ಳುಸುಳ್ಳೇ ಸತ್ತೆ, ಅತ್ತೆ, ಹುಚ್ಚನಾದೆ, ಅವರು ಮೆಚ್ಚಿದರು. ಈಗ ನಿಜವಾಗಿ ಮುಳುಗುತ್ತಿದ್ದೇನೆ. ಅವರು ಎದ್ದು ನಿಂತು ಮೆಚ್ಚುತ್ತಿದ್ದಾರೆ.

ಹೋದ ಮಂಗಳವಾರ ಏನಾಯಿತು ಗೊತ್ತೇ? ಆ ಸಾಲು ಬಂತು. ಹುಡುಗಿ ದೀಪದ ಮಾತು ಕೇಳಿದಳು, ನಾನು ತಿರುಗಿದೆ, ಸಾಲು ಪೂರ್ತಿ, ಒಂದಕ್ಷರ ಬಿಡದೆ, ನಾಲಿಗೆಯ ಮೇಲೆ ಬಂದು ಕೂತಿತು. ಎಂಥ ಸಂತೋಷ ಆಯಿತು ಅಂತೀಯ! ಬಾಯಿ ತೆರೆದೆ. ತೆರೇಸಾಗೆ ಗೊತ್ತಾಗಿಹೋಯಿತು. ಜನಕ್ಕೆ ಬೆನ್ನು ಹಾಕಿ ನಿಂತಿದ್ದಳು, ಮೆಲ್ಲಗೆ ತಲೆ ಅಲ್ಲಾಡಿಸಿದಳು. ಬೇಡ ಎಂದು. ಒಳ್ಳೆಯ ಹುಡುಗಿ, ನಾನು ತಪ್ಪು ಮಾಡದಿರಲಿ ಎಂದು. ನಾನು ಅದನ್ನು ನುಂಗಿಕೊಂಡೆ. ಬುಧವಾರ ಹುಡುಕಿದರೆ ಇರಲಿಲ್ಲ. ನಿನ್ನ ಕಾಗದ ಎಲ್ಲಿಟ್ಟೆನೋ ಅದೂ ಇಲ್ಲ.

ಈಗ ಅದರ ಹಿಂದಿನ ಉದ್ದದ ಮಾತೂ ಅಲ್ಲಲ್ಲಿ ಸವೆಯುತ್ತಿದೆ. ನಾನು ನಿಲ್ಲಿಸಿದಲ್ಲೆಲ್ಲ ಅವರು ಉಸಿರು ಬಿಗಿಹಿಡಿಯುತ್ತಾರೆ.

ಒಂದು ದಿನ ಬಾ. ಸುಮ್ಮನೆ ಎದುರಿಗೆ ಕೂತಿರು.

ಬರ್ಟ್


ಲಂಡನ್, ಸೆಪ್ಟೆಂಬರ್

ಪ್ರೀತಿಯ ನ್ಯಾನ್,

ರಜ್ ಸಾಹೇಬರಿಗೆ ಹೇಳು, ಭಾನುವಾರದ ರೈಲು ತಪ್ಪಿತು, ಆದರೆ ಸೋಮವಾರದ ತಾಲೀಮಿಗೆ ಹೇಗಾದರೂ ಬಂದುಬಿಡುತ್ತೇನೆ, ನನ್ನ ಪಾತ್ರ ಬೇರೆಯವರಿಗೆ ಕೊಡಬೇಡಿ ಎಂದು. ಇಲ್ಲಿ ಯಾರದೋ ದೊಡ್ಡ ಮನೆಯಲ್ಲಿ ಇದ್ದೇನೆ. ಗೋಡೆಯ ತುಂಬ ಒಬ್ಬ ಮುದುಕನ ಫೋಟೊಗಳು. ಒಳ್ಳೆಯ ಜನ, ಊಟ ಕೊಡುತ್ತಾರೆ.

ಮಾತೆಲ್ಲ ಬಾಯಿಪಾಠ ಆಗಿದೆ. ಕೊನೆಯದು ಮಾತ್ರ ಆಡಿಲ್ಲ. ನೀನೂ ಆಡಬೇಡ ಮತ್ತೆ, ನಿನಗೆ ಹಸಿವಾದರೂ ಸರಿ.

ಬರ್ಟ್ ಸ್ಟಬ್ಸ್


ಲಂಡನ್
11 ಫೆಬ್ರವರಿ 1980

ಮಾನ್ಯ ಮಿಸ್ ಪೆಟಿಫರ್,

ಸರ್ ಆಂಬ್ರೋಸ್ ಈಗ ನೀವಿರುವ ಮನೆಯಲ್ಲೇ ಇದ್ದಾರೆಂದು, ಅವರಿಗೆ ಯಾರ ಗುರುತೂ ಸಿಗುತ್ತಿಲ್ಲವೆಂದು ಕೇಳಿ ಸಂಕಟವಾಯಿತು. ಶರತ್ಕಾಲದಲ್ಲಿ ಅವರು ಬಳಲಿದ್ದರಿಂದ ನಾಟಕ ನಿಲ್ಲಿಸಬೇಕಾಯಿತು. ಆದರೂ ನಮ್ಮ ಪುಣ್ಯ, ರಂಗದ ಮೇಲಿದ್ದಷ್ಟು ದಿನ ಅವರು ಪೂರ್ತಿ ತಮ್ಮ ಶಕ್ತಿಯಲ್ಲೇ ಇದ್ದರು.

ವಸಂತದಲ್ಲಿ ಅವರ ಗೌರವಕ್ಕೆ ಒಂದು ಸಂಜೆ ಏರ್ಪಡಿಸುತ್ತಿದ್ದೇವೆ. ಆ ಮೌನದ ಬಗ್ಗೆ ನಾನು ಮಾತಾಡಬೇಕಾಗಿದೆ. ನಾಟಕಶಾಲೆಯ ಮಕ್ಕಳು ಈಗ ಅದನ್ನು ಅಭ್ಯಾಸ ಮಾಡುತ್ತಾರೆ. ಆ ಗಳಿಗೆಯಲ್ಲಿ ಅವರ ಮನಸ್ಸಿನಲ್ಲಿ ಏನಿರುತ್ತಿತ್ತು ಎಂದು ನಿಮಗೆ ಯಾವಾಗಲಾದರೂ ಹೇಳಿದ್ದರೇ?

ಜೂಲಿಯನ್ ಪ್ರೌಟ್


ಲ್ಯಾಬರ್ನಮ್ ಹೌಸ್
15 ಫೆಬ್ರವರಿ 1980

ಶ್ರೀ ಪ್ರೌಟ್ ಅವರಿಗೆ,

ಇಲ್ಲ, ನನಗೆ ಏನೂ ಹೇಳಿರಲಿಲ್ಲ. ದೊಡ್ಡ ನಟರು ಇಂಥದನ್ನು ಹೇಳುವುದಿಲ್ಲ. ನಿಮಗೆ ತೋಚಿದ್ದನ್ನು ಹೇಳಿ, ಚೆನ್ನಾಗಿಯೇ ಇರುತ್ತದೆ.

ಸಂಜೆಗೆ ಬರಲು ನನ್ನ ಮಂಡಿ ಬಿಡುವುದಿಲ್ಲ.

ನ್ಯಾನ್ ಪೆಟಿಫರ್


ಲ್ಯಾಬರ್ನಮ್ ಹೌಸ್
20 ಫೆಬ್ರವರಿ 1980

ಬರ್ಟ್,

ನೀನು ನನ್ನ ಎದುರಿನ ಕುರ್ಚಿಯಲ್ಲಿದ್ದೀಯ, ಕೈ ಚಾಚಿದರೆ ಸಿಗುತ್ತೀಯ. ಆದರೂ ಕಾಗದ ಬರೆಯುತ್ತಿದ್ದೇನೆ. ಇಷ್ಟು ವರ್ಷದ ರೂಢಿ, ನಿನ್ನ ಜೊತೆ ಬೇರೆ ಹೇಗೆ ಮಾತಾಡಬೇಕೋ ನನಗೆ ಗೊತ್ತಿಲ್ಲ. ನೀನು ಇದನ್ನು ಓದುವುದಿಲ್ಲ. ನಿನ್ನೆ ಕೊಟ್ಟದ್ದನ್ನು ಮಡಿಸಿ ದೋಣಿ ಮಾಡಿದೆ.

ಒಳ್ಳೆಯ ಮಾತಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ. ನೀನು ಹೋಗಿಬಿಟ್ಟಿದ್ದೀಯ, ನಿನ್ನ ಬಟ್ಟೆ ತೊಟ್ಟ ಯಾರೋ ಒಬ್ಬರಿಗೆ ನಾನು ದಿನಾ ಗಂಜಿ ತಿನ್ನಿಸುತ್ತೇನೆ. ನಿನ್ನ ಸಿನಿಮಾ ಟಿ.ವಿ.ಯಲ್ಲಿ ಬಂದರೆ "ಈ ಮನುಷ್ಯ ನಟನೆ ಬಹಳ ಹೆಚ್ಚು ಮಾಡ್ತಾನೆ" ಎನ್ನುತ್ತೀಯ. ಅದೊಂದು ಸಲ ನಕ್ಕೆ.

ಇವತ್ತು ಮಧ್ಯಾಹ್ನ ಮೋಡ ಕವಿದು ನಾಲ್ಕಕ್ಕೇ ಕತ್ತಲಾಯಿತು. ನೀನು ಸುಮ್ಮನೆ ಕೂತವನು ಇದ್ದಕ್ಕಿದ್ದಂತೆ ಅಂಬಿಗನ ಮಾತು ಶುರುಮಾಡಿದೆ. ನಾನು ನಾಟಕದ ಪ್ರತಿ ತಂದು ಹುಡುಗಿಯ ಮಾತು ಓದುತ್ತಾ ಹೋದೆ. ಒಂದಾದ ಮೇಲೊಂದು, ಆ ಉದ್ದದ ಮಾತು ಕೂಡ, ಎಲ್ಲ ಬಂತು. ಮೇಡ್ಜ್ ಹೆಣಿಗೆ ನಿಲ್ಲಿಸಿದಳು. ಬಾಗಿಲಲ್ಲಿ ನಾಲ್ಕೈದು ಜನ ಬಂದು ನಿಂತರು, ಯಾರೂ ತಮ್ಮ ಪ್ರವೇಶ ಮಾಡಲಿಲ್ಲ. ಇವತ್ತು ಆಡುತ್ತೀಯ ಎಂದುಕೊಂಡೆ. ಇವತ್ತಾದರೂ ಆಡಲಿ, ಒಂದೇ ಒಂದು ಸಲ.

"ಕತ್ತಲಾಯ್ತು ತಾತ. ಇನ್ನು ಯಾರು ಬರ್ತಾರೆ? ದೀಪ ಆರಿಸಲಾ?" ಎಂದೆ.

ನೀನು ತಿರುಗಿದೆ. ಕೈ ಎತ್ತಿದೆ. ಬಾಯಿ ತೆರೆಯಿತು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಕಳ್ಳನ ಹಾಗೆ ನಕ್ಕೆ.

"ಅದು ಈಗ ಆಡೋ ಮಾತಲ್ಲ ಕಣಮ್ಮ," ಎಂದೆ. "ಮೊದಲ ದಿನಕ್ಕೆ ಇರಲಿ. ಮೊದಲ ದಿನ ಯಾವಾಗ?"

"ಗುರುವಾರ," ಎಂದೆ ನಾನು.

"ಜನ ಬರ್ತಾರಾ?"

"ತುಂಬಿಹೋಗಿದೆಯಂತೆ."

"ಹಾಗಾದ್ರೆ ಒಂದು ಸೀಟು ಹಿಡಿದಿಡು. ನ್ಯಾನ್ ಅಂತ ಒಬ್ಬಳಿದ್ದಾಳೆ, ಗ್ರಿಮ್ಸ್‌ಬಿಯವಳು. ಮುಂದಿನ ಸಾಲು ಬೇಡ, ನಗಿಸ್ತಾಳೆ. ಹಿಂದೆ ಕೂರಿಸು. ನಾಟಕ ಮುಗಿದ ಮೇಲೆ ಅವಳಿಗೆ ಒಂದು ಮಾತು ಹೇಳೋದಿದೆ. ಕ್ರೂ ಸ್ಟೇಷನ್ನಿನಲ್ಲೇ ಹೇಳಬೇಕು ಅಂತಿದ್ದೆ, ರೈಲು ಹೊರಟುಬಿಡ್ತು."

"ಏನು ಮಾತು?" ಎಂದು ಕೇಳಿದೆ.

ನೀನು ಮತ್ತೆ ತುಟಿಯ ಮೇಲೆ ಬೆರಳಿಟ್ಟೆ.

ಮೇಟ್ರನ್ ಬಂದು ನಿನ್ನನ್ನು ಚಹಾಕ್ಕೆ ಕರೆದುಕೊಂಡು ಹೋದಳು. ದೀಪ ನಾನೇ ಆರಿಸಿದೆ.

ನಿನ್ನ,
ನ್ಯಾನ್